ಹಸಿವಲ್ಲ, ಹೊತ್ತು ಹೋಗದ್ದಕ್ಕೆ!

ಮಧ್ಯಾಹ್ನ ಮೂರು ಗಂಟೆ. ಊಟ ಮುಗಿದಿದೆ, ಪಾತ್ರೆ ತಿಕ್ಕಿ ಆಗಿದೆ, ಮಕ್ಕಳು ಶಾಲೆಯಿಂದ ಬರಲು ಇನ್ನೂ ಹೊತ್ತಿದೆ. ಟಿ.ವಿ.ಯಲ್ಲಿ ನಿನ್ನೆ ರಾತ್ರಿ ನೋಡಿದ ಧಾರಾವಾಹಿಯೇ ಮತ್ತೆ ಬರುತ್ತಿದೆ. ಕಾಲು ತಾನಾಗಿಯೇ ಅಡುಗೆಮನೆ ಕಡೆ ಹೊರಡುತ್ತದೆ. ಚೂಡಾ ಡಬ್ಬಿಯ ಮುಚ್ಚಳ ತೆಗೆದು ಒಂದು ಹಿಡಿ, ಹತ್ತು ನಿಮಿಷ ಬಿಟ್ಟು ಇನ್ನೊಂದು ಹಿಡಿ. ಬಾಯಿ ಖಾರವಾಯ್ತು ಅಂತ ಮೇಲೊಂದು ಶೇಂಗಾ ಉಂಡಿ. ರಾತ್ರಿ ಮಾತ್ರ 'ನಾನು ಊಟ ಮಾಡೋದೇ ಕಮ್ಮಿ, ಆದ್ರೂ ತೂಕ ಯಾಕೆ ಏರ್ತಿದೆಯೋ' ಎಂಬ ಚಿಂತೆ. ನಿಮ್ಮ ಮನೆಯಲ್ಲೂ ಹೀಗೇನಾ?

ಹೌದಾದರೆ, ಬಾಯಿಚಪಲ ಅಂತ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. 2015ರಲ್ಲಿ ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಸಾಕ್ಷ್ಯಚಿತ್ರ ನೋಡುವಾಗಿಗಿಂತ, ಒಂದೇ ಚಿಕ್ಕ ದೃಶ್ಯವನ್ನು ಮತ್ತೆ ಮತ್ತೆ ನೋಡಬೇಕಾದಾಗ ಹೆಚ್ಚು ಚಾಕೊಲೇಟ್ ಹೊಟ್ಟೆಗೆ ಹೋಗಿತ್ತು. ತಮಾಷೆ ಏನೆಂದರೆ, ಚಾಕೊಲೇಟ್ ಬದಲು ತಮಗೆ ತಾವೇ ಸಣ್ಣದಾಗಿ ಕರೆಂಟ್ ಹೊಡೆಸಿಕೊಳ್ಳುವ ಅವಕಾಶ ಕೊಟ್ಟಾಗ, ಬೇಸರದಲ್ಲಿ ಜನ ಅದನ್ನೂ ಹೆಚ್ಚು ಬಳಸಿದರು! ಮನಸ್ಸು ಹುಡುಕುತ್ತಿದ್ದುದು ಏನಾದರೊಂದು ಬದಲಾವಣೆಯನ್ನು. ನಮ್ಮ ಮನೆಗಳಲ್ಲಿ ಕೈಗೆ ಮೊದಲು ಸಿಗುವುದು ಡಬ್ಬಿ, ಅಷ್ಟೇ.

ಸಿದ್ದಾಪುರದಂಥ ಊರಲ್ಲಿ ಕುಳಿತು ಬರೆಯುವವಳಿಗೆ ಪೇಟೆಯ ಬೇಸರ ಏನು ಗೊತ್ತು ಅನ್ನಬೇಡಿ. ಗಂಗಾವತಿ–ಕಾರಟಗಿ ರಸ್ತೆಯ ನಮ್ಮೂರ ಸುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ, ರೈಸ್ ಮಿಲ್ಲು. ನಾಟಿಗೆ, ಕಳೆಗೆ ಹೋಗುವ ಹೆಣ್ಣುಮಕ್ಕಳಿಗೆ ಬೇಸರಪಡಲು ಪುರುಸೊತ್ತಿಲ್ಲ. ಆದರೆ ಗಂಡ ಮಿಲ್ಲಿಗೋ ಅಂಗಡಿಗೋ ಹೋಗಿ, ಮಕ್ಕಳು ಹಾಸ್ಟೆಲ್ ಸೇರಿದ ಮನೆಗಳಲ್ಲಿ ಮಧ್ಯಾಹ್ನ ಬೆಂಗಳೂರಿನ ಫ್ಲ್ಯಾಟಿನಲ್ಲಿರುವಷ್ಟೇ ಉದ್ದ.

ನಮ್ಮ ಓಣಿಯ ಒಬ್ಬರ ಮಗ ಪಿಯುಸಿಗೆಂದು ಧಾರವಾಡಕ್ಕೆ ಹೋದ. ಅವನಿದ್ದಾಗ ಸಂಜೆ ನಾಲ್ಕಕ್ಕೆ ಮಂಡಾಳ ಒಗ್ಗರಣಿ, ಜೊತೆಗೆ ಬಿಸಿ ಮಿರ್ಚಿ ಮಾಡಿಕೊಡುವ ರೂಢಿ. ಅವನು ಹೋದ ಮೇಲೂ ಅದೇ ಹೊತ್ತಿಗೆ ಒಲೆ ಮೇಲೆ ಎಣ್ಣೆ ಕಾಯುತ್ತಿತ್ತು. ತಿನ್ನುವವರು ಅವರೊಬ್ಬರೇ. ಪಂಚಮಿಗೆ ಎಂದಿನಂತೆ ಶೇಂಗಾ ಉಂಡಿ, ಎಳ್ಳುಂಡಿ, ಬೇಸನ್ ಉಂಡಿ ಎಲ್ಲಾ ಕಟ್ಟಿದರು. ಮಗ ಎರಡು ದಿನ ಇದ್ದು ಹೊರಟ, ಡಬ್ಬಿಗಳು ಉಳಿದವು. ವರ್ಷ ತುಂಬುವುದರೊಳಗೆ ಏಳು ಕಿಲೋ ಏರಿ, ಖಾಲಿ ಹೊಟ್ಟೆಯ ಶುಗರ್ 114ಕ್ಕೆ ಬಂತು. 126 ಅಂದರೆ ಸಕ್ಕರೆ ಕಾಯಿಲೆ. 100 ಮುಟ್ಟಿದರೇ ಎಚ್ಚರ ಬೇಕು. 'ಡಾಕ್ಟರ್ ತಿನ್ನೂದು ಬಿಡ್ರಿ ಅಂದ್ರು. ಬಿಡ್ತೀನವ್ವಾ, ಆದ್ರ ನಾಕರಿಂದ ಆರರ ತನಕಾ ಏನ್ ಮಾಡ್ಲಿ ಹೇಳು' ಎಂದು ಅವರು ಕೇಳಿದಾಗ ನನಗೂ ತಟ್ಟನೆ ಉತ್ತರ ಹೊಳೆಯಲಿಲ್ಲ.

ಇದು ಅವರೊಬ್ಬರ ಪಾಡಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015–16ರಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 23ರಷ್ಟು ಮಂದಿಗೆ ಹೆಚ್ಚು ತೂಕವಿತ್ತು. 2019–21ರ ಸಮೀಕ್ಷೆಯಲ್ಲಿ ಅದು ಶೇ 30. ಎಲ್ಲಕ್ಕೂ ಡಬ್ಬಿಯೇ ಕಾರಣ ಎನ್ನಲಾಗದು, ನಿಜ. ಆದರೆ 30 ಗ್ರಾಂನ ಒಂದು ಹಿಡಿ ಶೇಂಗಾ ಅಂದರೆ ಸುಮಾರು 170 ಕ್ಯಾಲೊರಿ. ಮೂರು ಹಿಡಿಯಾದರೆ ಒಂದು ಹೊತ್ತಿನ ಊಟವೇ ಆಯಿತು, ಲೆಕ್ಕಕ್ಕೆ ಬಾರದ ಊಟ.

ಮೊದಲು ನಿಮಗಾಗಿರುವುದು ನಿಜವಾದ ಹಸಿವೇ ಅಂತ ನೋಡಿಕೊಳ್ಳಿ. ಎಲ್ಲರಿಗೂ ಬಡಿಸಿ ಎರಡೂವರೆಗೆ ಉಳಿದ ಅನ್ನಕ್ಕೆ ತಿಳಿಸಾರು ಕಲಸಿ ಉಂಡವರಿಗೆ ನಾಲ್ಕಕ್ಕೆ ಹಸಿವಾಗದೆ ಇರುತ್ತದೆಯೇ? ಅಂಥವರು ತಿಂಡಿ ಬಿಡುವ ಮೊದಲು ಊಟ ಸರಿಮಾಡಿಕೊಳ್ಳಬೇಕು. ಕಾಳಿನ ಪಲ್ಯ, ಮಜ್ಜಿಗೆ, ಮೊಟ್ಟೆ ತಿನ್ನುವವರಾದರೆ ಮೊಟ್ಟೆ, ನಿಮ್ಮ ತಟ್ಟೆಗೂ ಇರಲಿ. ಕೊನೆಗೆ ಉಣ್ಣುವ ಪದ್ಧತಿಯನ್ನು ಹೊಗಳುವವರು ಹೊಗಳಲಿ, ನೀವು ಹೊತ್ತಿಗೆ ಸರಿಯಾಗಿ ಉಣ್ಣಿ.

ಹೊಟ್ಟೆ ತುಂಬ ಉಂಡೂ ಡಬ್ಬಿಯ ನೆನಪಾದರೆ, ಒಂದು ಜೋಳದ ರೊಟ್ಟಿ, ಪುಂಡಿಪಲ್ಯ ಮುಂದಿಟ್ಟರೆ ತಿನ್ನುತ್ತೀರಾ ಅಂತ ಕೇಳಿಕೊಳ್ಳಿ. 'ರೊಟ್ಟಿ ಬೇಡ, ಚೂಡಾನೇ ಬೇಕು' ಅಂದರೆ ಅದು ಬೇಸರ. ಇನ್ನೊಂದು ಸಂಗತಿ: ಹಸಿವಿನ ಗ್ರೆಲಿನ್ ಹಾರ್ಮೋನು ರೂಢಿಯ ಹೊತ್ತಿಗೆ ಏರುತ್ತದೆ. ದಿನಾ ನಾಲ್ಕಕ್ಕೆ ತಿಂದವರ ಹೊಟ್ಟೆ ನಾಲ್ಕಕ್ಕೇ ಕರೆಯುತ್ತದೆ. ಹಾಗಾಗಿ ಮೊದಲ ವಾರಗಳು ಕಷ್ಟವೇ, ಹೆದರಬೇಡಿ. ತಿನ್ನಲೇಬೇಕೆನಿಸಿದರೆ ಡಬ್ಬಿಗೆ ಕೈ ಹಾಕದೆ ಸಣ್ಣ ಪ್ಲೇಟಿಗೆ ಹಾಕಿಕೊಂಡು, ಮುಚ್ಚಳ ಮುಚ್ಚಿ, ಟಿ.ವಿ., ಮೊಬೈಲ್ ಬಿಟ್ಟು ಕುಳಿತು ತಿನ್ನಿ.

ಆ ಎರಡು ತಾಸಿಗೆ ಏನು? ವಾಕಿಂಗ್ ಹೋಗಿ ಎನ್ನುವವರು ನಮ್ಮ ಕಡೆಯ ಏಪ್ರಿಲ್ ಬಿಸಿಲು ಕಂಡಿಲ್ಲ. ಎರಡೂ ಕೈಗೆ ಕೆಲಸ ಕೊಡುವಂಥದ್ದು, ಆದಷ್ಟು ಅಡುಗೆಮನೆಯಿಂದ ದೂರ ಇರುವಂಥದ್ದು ಬೇಕು. ನಮ್ಮ ಓಣಿಯವರು ಅತ್ತೆಯ ಕಾಲದ ಹಳೇ ಸೀರೆಗಳನ್ನು ತೆಗೆದು ಕೌದಿ ಹೊಲಿಯಲು ಕುಳಿತರು, ಅದೂ ಎದುರುಮನೆಯ ಪಡಸಾಲೆಯಲ್ಲಿ, ಇನ್ನಿಬ್ಬರ ಜೊತೆ. ಸೂಜಿ ಹಿಡಿದ ಕೈಗೆ ಎಣ್ಣೆ ಜಿಡ್ಡು ತಾಗಿದರೆ ಬಟ್ಟೆ ಕೆಡುತ್ತದಲ್ಲ! ನಿಮಗೆ ಹೊಲಿಗೆ ಆಗದಿದ್ದರೆ ಬೇರೇನಾದರೂ ಹುಡುಕಿ. ಮನೆಯಲ್ಲೇ ಕೂರಬೇಕೆಂದೂ ಇಲ್ಲ. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂದ ಮೇಲೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸಿಗೆ ನಮಗೆ ದುಡ್ಡಿನ ಯೋಚನೆ ಇಲ್ಲ. ವಾರಕ್ಕೊಮ್ಮೆ ಗ್ರಂಥಾಲಯಕ್ಕೋ ತಂಗಿಯ ಮನೆಗೋ ಹೋಗಿಬನ್ನಿ.

ಇಷ್ಟೆಲ್ಲ ಮಾಡಿಯೂ ವಿಪರೀತ ಹಸಿವು, ಬಾಯಾರಿಕೆ, ಪದೇ ಪದೇ ಮೂತ್ರ ಇದ್ದರೆ ರಕ್ತ ಪರೀಕ್ಷೆ ಮಾಡಿಸಿ. ಯಾರಿಗೂ ಕಾಣದಂತೆ ಹೊಟ್ಟೆ ನೋಯುವಷ್ಟು ತಿಂದು ಆಮೇಲೆ ಅಳು ಬರುವಂತಿದ್ದರೆ, ಅದಕ್ಕೆ ಕೌದಿ ಸಾಲದು. ಡಾಕ್ಟರರಲ್ಲಿ ಬಾಯಿಬಿಟ್ಟು ಹೇಳಿ, ಇಲ್ಲವೇ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಕೌದಿ ಹೊಲಿಯಲು ಕುಳಿತವರು ಮೊದಮೊದಲು ಸೂಜಿ ಬಿಟ್ಟು ಮನೆಗೆ ಹೋಗಿ ಬಾಯಾಡಿಸಿ ಬಂದದ್ದೂ ಉಂಟು. ಈಗ ಮಿರ್ಚಿ ಭಾನುವಾರ ಮಾತ್ರ. ಆರು ತಿಂಗಳ ನಂತರ ಶುಗರ್ 104, ಇನ್ನೂ ನೂರರೊಳಗೆ ಬಂದಿಲ್ಲ. ಮಗನಿಗೆ ಒಂದು ಕೌದಿ ಧಾರವಾಡಕ್ಕೆ ಹೋಗಿದೆ, ಎರಡನೆಯದು ಅರ್ಧ ಆಗಿದೆ.