ಹಿಂದಿನ ಸೀಟಿನ ಗಡಿ ತಂಟೆ

ಗಡಿ ತಂಟೆಯೆಂದರೇನೆಂದು ಕಾಸರಗೋಡಿನ ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು, ಗಡಿ ಇದ್ದಲ್ಲೇ ಇದೆ. ಆದರೆ ನಾಲ್ಕು ಅಡಿ ಚಿಲ್ಲರೆ ಅಗಲದ ಕಾರಿನ ಸೀಟಿನ ಮೇಲೆ ಮೂವರು ಮಕ್ಕಳು ಬೆರಳಿನಿಂದ ಎಳೆದುಕೊಳ್ಳುವ ಗಡಿರೇಖೆಗೆ ಯಾವ ಆಯೋಗವೂ ಸಾಲದು ಎಂಬುದು ನಮಗೆ ಮನದಟ್ಟಾದದ್ದು ಕಳೆದ ಬೇಸಗೆ ರಜೆಯಲ್ಲಿ, ಸೇಲಂಗೆ ಹೋಗುವಾಗ.

ನಮ್ಮ ಭಾವಮೈದುನ ಉದ್ಯೋಗ ನಿಮಿತ್ತ ಸೇಲಂನಲ್ಲಿ ನೆಲಸಿ ಅಲ್ಲಿಯೇ ಒಂದು ಮನೆ ಕಟ್ಟಿಸಿದ್ದ. ಗೃಹಪ್ರವೇಶಕ್ಕೆ ಎಲ್ಲರೂ ಬರಲೇಬೇಕೆಂದು ಒತ್ತಾಯ. ರೈಲಿನಲ್ಲಿ ಹೋಗಬಹುದಿತ್ತು. ಮಂಗಳೂರಿನಿಂದ ಚೆನ್ನೈಗೆ ಹೋಗುವ ಗಾಡಿಗಳು ಕಾಸರಗೋಡು, ಪಾಲಕ್ಕಾಡು ದಾಟಿ ಸೇಲಂ ಮೂಲಕವೇ ಸಾಗುತ್ತವೆ. ಆದರೆ ನಮ್ಮ ಅಮ್ಮನಿಗೆ ಹೊಗೇನಕಲ್ ಜಲಪಾತವನ್ನು ಒಮ್ಮೆ ಕಣ್ತುಂಬ ನೋಡಬೇಕೆಂದು ಬಹು ದಿನಗಳ ಆಸೆ. ಆದ್ದರಿಂದ ಸಂಪಾಜೆ ಘಾಟಿ ಹತ್ತಿ, ಮೈಸೂರು ಹಾದು, ಬೆಂಗಳೂರಿನಲ್ಲಿ ರಾತ್ರಿ ತಂಗಿ, ಮರುದಿನ ಹೊಸೂರು ದಾರಿಯಾಗಿ ಹೋಗುವುದೆಂದು ನಿಶ್ಚಯಿಸಿದೆವು. ಸ್ಟೇರಿಂಗ್ ನಮ್ಮ ಕೈಯಲ್ಲಿ, ಪಕ್ಕದಲ್ಲಿ ನಮ್ಮಾಕೆ. ಹಿಂದೆ ಅಮ್ಮ, ಹತ್ತು ವರ್ಷದ ಮಗಳು, ಏಳು ವರ್ಷದ ಮಗ, ಮತ್ತು ಅಮ್ಮನ ಮಡಿಲಿನಲ್ಲಿ ನಾಲ್ಕು ವರ್ಷದ ಕಿರಿಯವ. ಮೂವರ ಸೀಟಿನಲ್ಲಿ ನಾಲ್ವರು. ಇದು ತಪ್ಪೆಂದು ನಮಗೆ ಆಗ ತೋಚಲಿಲ್ಲವೆಂದರೆ ಸುಳ್ಳಾದೀತು. ತೋಚಿತ್ತು, ಆದರೆ ಎಲ್ಲರೂ ಹೀಗೆಯೇ ಹೋಗುವುದಲ್ಲವೇ ಎಂದುಕೊಂಡೆವು.

ಮಕ್ಕಳ ಜಗಳ ನಿಲ್ಲಿಸಲು ನಡುವೆ ಅಜ್ಜಿಯನ್ನು ಕೂರಿಸುವುದು ನಮ್ಮ ಕಡೆಯ ಹಳೆಯ ಉಪಾಯ. ಅಂಬಾಸಿಡರ್ ಕಾರಿನ ಕಾಲದಲ್ಲಿ ಅದು ನಡೆಯುತ್ತಿತ್ತು. ಆ ಕಾರಿನ ಸೀಟು ಮನೆಯ ಜಗಲಿಯಂತೆ ಉದ್ದಕ್ಕೆ ಇತ್ತು, ಹಿಂದೆ ಐದು ಮಂದಿ ಕೂತರೂ ಆರನೆಯವನಿಗೆ ಕರೆ ಹೋಗುತ್ತಿತ್ತು. 2014ರಲ್ಲಿ ಅದರ ತಯಾರಿಕೆಯೇ ನಿಂತುಹೋಯಿತು. ಈಗಿನ ಕಾರುಗಳಲ್ಲಿ ಅಜ್ಜಿ ನಡುವೆ ಕೂತರೆ ಎರಡು ಕಡೆಯ ಮಕ್ಕಳೂ ಬಾಗಿಲಿಗೆ ಒತ್ತಿಕೊಳ್ಳಬೇಕಾಗುತ್ತದೆ. ಅಲ್ಲಿಂದಲೇ ಕಿರಿಕಿರಿ ಮೊದಲಾಗುವುದು. ‘ಅಪ್ಪಾ, ಅಕ್ಕ ನನ್ನ ಕಡೆ ಕಾಲು ಹಾಕಿದಳು.’ ‘ಇಲ್ಲ ಅಪ್ಪಾ, ಅವನೇ ಮೊಣಕೈಯಲ್ಲಿ ತಿವಿದದ್ದು.’ ಸುಳ್ಯ ದಾಟುವುದರೊಳಗೆ ಇಂಥ ಅರ್ಜಿಗಳು ಹತ್ತಾರು ಬಂದವು.

ಒಂದು ಮಾತು ಇಲ್ಲಿ ಹೇಳಲೇಬೇಕು. ಎಲ್ಲ ಜಗಳವೂ ತುಂಟತನದ್ದಲ್ಲ. ಘಾಟಿಯ ತಿರುವುಗಳಲ್ಲಿ ಮಗ ಸಿಡಿಮಿಡಿಗೊಂಡು ಅಕ್ಕನ ಜಡೆ ಎಳೆದ. ಗದರಿಸಿದೆವು. ಐದು ನಿಮಿಷದಲ್ಲಿ ವಾಂತಿ ಮಾಡಿಕೊಂಡ. ಕಿವಿಯೊಳಗಿನ ಸಮತೋಲದ ಅಂಗ ‘ಓಡುತ್ತಿದ್ದೇವೆ’ ಎನ್ನುವಾಗ, ಕೈಯಲ್ಲಿರುವ ಮೊಬೈಲಿನ ಮೇಲೆ ನೆಟ್ಟ ಕಣ್ಣು ‘ಕೂತಿದ್ದೇವೆ’ ಎನ್ನುತ್ತದೆ. ಈ ಎರಡು ಸುದ್ದಿಗಳ ಘರ್ಷಣೆಯಿಂದಲೇ ಹೊಟ್ಟೆ ತೊಳಸುವುದು. ಎರಡು ವರ್ಷದಿಂದ ಹನ್ನೆರಡು ವರ್ಷದವರೆಗಿನ ಮಕ್ಕಳಿಗೆ ಈ ಬಾಧೆ ಹೆಚ್ಚು. ಮೊಬೈಲು ಕೊಟ್ಟರೆ ಸುಮ್ಮನಾಗುತ್ತಾರೆಂದು ಕೊಟ್ಟವರು ನಾವೇ. ದೂರದ ಗುಡ್ಡ ನೋಡುತ್ತ ಕೂತಿದ್ದರೆ ಹುಡುಗನಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಮರುದಿನ ಹೊಸೂರು, ಕೃಷ್ಣಗಿರಿ ದಾಟಿ ಧರ್ಮಪುರಿ ಸೇರಿದೆವು. ಈ ಸೀಮೆಯೆಲ್ಲ ಒಂದು ಕಾಲಕ್ಕೆ ಸೇಲಂ ಜಿಲ್ಲೆಯೇ. 1965ರಲ್ಲಿ ಧರ್ಮಪುರಿ ಬೇರೆಯಾಯಿತು, 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಬೇರೆಯಾಯಿತು. ಜಿಲ್ಲೆಗಳನ್ನು ಬೇರ್ಪಡಿಸಿದಷ್ಟು ಸುಲಭದಲ್ಲಿ ಮಕ್ಕಳನ್ನು ಬೇರ್ಪಡಿಸಲಾಗುವುದಿಲ್ಲವಲ್ಲಾ ಎಂದು ನಮ್ಮಾಕೆ ನಕ್ಕಳು. ದಾರಿಯುದ್ದಕ್ಕೂ ಮಾವಿನ ಹಣ್ಣಿನ ರಾಶಿ. ಮಾತಾಡಿಸಿದರೆ ಅಲ್ಲಲ್ಲಿ ಕನ್ನಡವೂ ಕೇಳಿಸುತ್ತದೆ. ಹೊಸೂರು ಎಂಬ ಹೆಸರಿನಲ್ಲಿಯೂ, ಹೊಗೆ ಏಳುವ ಕಲ್ಲು ಎಂಬರ್ಥದ ಹೊಗೇನಕಲ್ ಎಂಬ ಹೆಸರಿನಲ್ಲಿಯೂ ಅದೇ ಕನ್ನಡವಿದೆ.

ಹೊಗೇನಕಲ್ಲಿನಲ್ಲಿ ಹರಿಗೋಲು ಹತ್ತಿದೆವು. ಅಲ್ಲಿಯವರು ಅದನ್ನು ಪರಿಸಲ್ ಎನ್ನುತ್ತಾರೆ. ದುಂಡನೆಯ ಬುಟ್ಟಿಯಂಥ ದೋಣಿ. ಅಂಬಿಗ ಮೊದಲು ಎಲ್ಲರಿಗೂ ತೇಲುವ ಅಂಗಿ ತೊಡಿಸಿದ. ಅನಂತರ ನಮ್ಮನ್ನೊಮ್ಮೆ ಮೇಲಿನಿಂದ ಕೆಳಗೆ ನೋಡಿ, ಭಾರ ತೂಗಿದವನಂತೆ ಒಬ್ಬೊಬ್ಬರಿಗೂ ಒಂದೊಂದು ಜಾಗ ತೋರಿಸಿದ. ನಾವು ಈ ಕಡೆ, ಅಮ್ಮ ಆ ಕಡೆ, ಮಗಳು ಅಲ್ಲಿ, ಮಗ ಅವಳಿಗೆ ಎದುರಾಗಿ, ಕಿರಿಯವ ತಾಯಿಯ ಪಕ್ಕ. ‘ಯಾರೂ ಏಳಬಾರದು’ ಎಂದಷ್ಟೇ ಹೇಳಿ ಹುಟ್ಟು ಹಾಕಿದ. ನೀರಿನಲ್ಲಿದ್ದಷ್ಟು ಹೊತ್ತೂ ಒಂದು ತಕರಾರಿಲ್ಲ! ಅಂಗಿ ಬಿಗಿಯಾಯಿತು ಎಂದು ಯಾರೂ ಗೊಣಗಲಿಲ್ಲ, ಅವಳ ಜಾಗ ನನಗೆ ಬೇಕೆಂದು ಯಾರೂ ಕೇಳಲಿಲ್ಲ. ಮಕ್ಕಳು ನೀರಿಗೆ ಹೆದರಿದ್ದಾರೆ, ಅಷ್ಟೆ, ಎಂದು ನಾವು ತಿಳಿದುಕೊಂಡೆವು. ಹೊರಡುವ ಮುಂಚೆಯೇ ಒಬ್ಬೊಬ್ಬರ ಜಾಗ ಗೊತ್ತಾಗಿತ್ತು, ಯಾರ ಮೈಗೂ ಯಾರ ಮೈ ತಾಗುತ್ತಿರಲಿಲ್ಲ, ಹೇಳಿದವನು ಹೇಳಿದ ಮಾತು ಬದಲಿಸಲಿಲ್ಲ. ಇದನ್ನೆಲ್ಲ ಆಗ ಗಮನಿಸಿದ್ದರೆ ಆ ಸಂಜೆ ಬೇರೆ ರೀತಿಯಲ್ಲಿ ಕಳೆಯುತ್ತಿತ್ತು.

ಧರ್ಮಪುರಿಯಿಂದ ಸೇಲಂಗೆ ಇಳಿಯುವಾಗ ತೊಪ್ಪೂರು ಘಾಟಿ ಸಿಗುತ್ತದೆ. ನಮ್ಮ ಚಾರ್ಮಾಡಿ, ಸಂಪಾಜೆಗಳನ್ನು ಕಂಡವರಿಗೆ ಅದು ಘಾಟಿಯೆಂದೇ ಅನಿಸಲಾರದು. ಅಗಲವಾದ ಹೆದ್ದಾರಿ, ನುಣುಪಾದ ಇಳಿಜಾರು. ಆ ನುಣುಪೇ ಅಪಾಯ. ಹೊರೆ ಹೇರಿದ ಲಾರಿಗಳು ಡೀಸೆಲ್ ಉಳಿಸಲೆಂದು ಗೇರು ತಪ್ಪಿಸಿ ಇಳಿಯುವುದುಂಟು. ಬ್ರೇಕು ಒಂದೇ ಸಮನೆ ತುಳಿದು ಕಾದು ಹಿಡಿತ ತಪ್ಪಿದರೆ ಎದುರಿಗಿದ್ದದ್ದೆಲ್ಲ ಜಜ್ಜಿಹೋಗುತ್ತದೆ. 2020ರ ಡಿಸೆಂಬರಿನಲ್ಲಿ ಸಿಮೆಂಟು ಹೇರಿದ ಲಾರಿಯೊಂದು ಇಲ್ಲಿ ಸಾಲು ವಾಹನಗಳಿಗೆ ಬಡಿದು ನಾಲ್ವರು ಸತ್ತರು. 2024ರ ಜನವರಿಯಲ್ಲಿ ಮತ್ತೆ ಅದೇ ಬಗೆಯ ದುರಂತ, ಮತ್ತೆ ನಾಲ್ವರು.

ಇಳಿಜಾರಿನಲ್ಲಿ ಮುಂದೆ ಒಂದು ಲಾರಿ, ಹಿಂದೆ ಇನ್ನೊಂದು. ಸೀಟಿನಲ್ಲಿ ಜಗಳ ಹತ್ತಿತು. ಕಾರಣ, ನೇಂದ್ರ ಚಿಪ್ಸಿನ ಒಂದೇ ಪೊಟ್ಟಣ. ಮಗ ಕಸಿದ, ಮಗಳು ಕಿರುಚಿದಳು, ಕಿರಿಯವ ತನಗೂ ಬೇಕೆಂದು ಅಜ್ಜಿಯ ಮಡಿಲಿನಿಂದ ಎದ್ದು ನಿಂತ. ‘ಸುಮ್ಮನಿರುತ್ತೀರೋ ಇಲ್ಲವೋ’ ಎಂದು ನಾವು ತಲೆ ಹಿಂದಕ್ಕೆ ತಿರುಗಿಸಿದೆವು. ಎರಡು ಸೆಕೆಂಡು ಇದ್ದೀತು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಎರಡು ಸೆಕೆಂಡಿಗೆ ಕಾರು 33 ಮೀಟರ್ ಓಡಿರುತ್ತದೆ. ನಮ್ಮಾಕೆಯ ಚೀರಾಟ ಕೇಳಿ ಮುಂದೆ ನೋಡಿದರೆ ಲಾರಿಯ ಹಿಂಬದಿಯ ಕೆಂಪು ದೀಪಗಳು ಕಣ್ಣೆದುರಿಗೇ ಉರಿಯುತ್ತಿವೆ. ಬ್ರೇಕು ತುಳಿದೆವು. ಕಾರು ನಿಂತಿತು, ಲಾರಿಗೂ ನಮಗೂ ಒಂದು ಮಾರು ಅಂತರ. ಹಿಂದಿನ ಲಾರಿಯವನು, ಅವನು ಪುಣ್ಯಾತ್ಮ, ಹಾರನ್ನು ಬಾರಿಸುತ್ತ ಪಕ್ಕಕ್ಕೆ ತಿರುಗಿಸಿಕೊಂಡು ಹೋದ. ಕಿರಿಯವ ಮಾತ್ರ ಅಜ್ಜಿಯ ಕೈ ತಪ್ಪಿ ಮುಂದಿನ ಸೀಟಿನ ಬೆನ್ನಿಗೆ ಹಣೆ ಬಡಿದುಕೊಂಡು ಕೆಳಗೆ ಬಿದ್ದಿದ್ದ.

ಘಾಟಿ ಇಳಿದು ಒಂದು ಚಹಾ ಅಂಗಡಿಯ ಎದುರು ನಿಲ್ಲಿಸಿದೆವು. ಕೈ ನಡುಗುತ್ತಿತ್ತು. ನಮ್ಮ ಮಾತು ಕೇಳಿದ ಅಂಗಡಿಯ ಹೆಂಗಸು, ‘ಏನಾಯಿತಮ್ಮಾ ಮಗುವಿಗೆ?’ ಎಂದು ತಮಿಳಿನ ರಾಗದ ಕನ್ನಡದಲ್ಲಿ ಕೇಳುತ್ತ ಬಂದು, ತಣ್ಣನೆಯ ಸೋಡಾ ಬಾಟ್ಲಿಯನ್ನು ಬಟ್ಟೆಯಲ್ಲಿ ಸುತ್ತಿ ಹಣೆಗೆ ಒತ್ತಿ ಹಿಡಿದಳು. ಅಮ್ಮ ಮಾತಾಡಲಿಲ್ಲ. ತಮ್ಮ ಎರಡು ಅಂಗೈಗಳನ್ನೇ ನೋಡುತ್ತ ಬೆಂಚಿನ ಮೇಲೆ ಕೂತಿದ್ದರು. ಸ್ವಲ್ಪ ಹೊತ್ತಿನ ಮೇಲೆ, ‘ಗಟ್ಟಿಯಾಗಿಯೇ ಹಿಡಿದುಕೊಂಡಿದ್ದೆ ಮಗಾ’ ಎಂದರು. ಸೇಲಂನಲ್ಲಿ ವೈದ್ಯರು ನೋಡಿ ಏನೂ ತೊಂದರೆಯಿಲ್ಲ, ರಾತ್ರಿ ವಾಂತಿಯೋ ವಿಪರೀತ ನಿದ್ದೆಯೋ ಕಂಡರೆ ಮತ್ತೆ ಕರೆತನ್ನಿ ಎಂದರು. ಆ ರಾತ್ರಿ ಅಮ್ಮ ಮಲಗಲಿಲ್ಲ.

ಅಮ್ಮನ ಕೈಯಲ್ಲಿ ತಪ್ಪಿರಲಿಲ್ಲ. ಲೆಕ್ಕ ಹಾಕಿ ನೋಡಿದರೆ ಯಾರ ಕೈಗೂ ಅದು ಸಾಧ್ಯವಿಲ್ಲ. 50 ಕಿಲೋಮೀಟರ್ ವೇಗದ ಕಾರು ಏನಕ್ಕಾದರೂ ಬಡಿದು ಅರ್ಧ ಮೀಟರಿನೊಳಗೆ ನಿಂತರೆ, ಒಳಗಿರುವವರ ಮೈ ಸುಮಾರು ಇಪ್ಪತ್ತು ಪಟ್ಟು ಭಾರದಿಂದ ಮುಂದಕ್ಕೆ ಎಸೆಯಲ್ಪಡುತ್ತದೆ. 14 ಕಿಲೋ ತೂಕದ ಮಗು 280 ಕಿಲೋ ಆಗುತ್ತದೆ. ಅಡಿಕೆಯ ನಾಲ್ಕು ಮೂಟೆಗಳನ್ನು ಒಮ್ಮೆಲೆ ಎರಡು ಕೈಯಲ್ಲಿ ತಡೆದು ಹಿಡಿಯುವವರು ಯಾರಿದ್ದಾರೆ? ನಾವು ಬಡಿಯಲಿಲ್ಲ, ಬರೇ ಬ್ರೇಕು ತುಳಿದದ್ದು, ಅಷ್ಟಕ್ಕೇ ಹುಡುಗ ಕೈ ತಪ್ಪಿದ. ಹಿಂದೆ ಕೂತವರಿಗೆ ಬೆಲ್ಟು ಬೇಡವೆಂಬುದೂ ಅಂಥದೇ ಭ್ರಮೆ. ಉದ್ಯಮಿ ಸೈರಸ್ ಮಿಸ್ತ್ರಿ 2022ರ ಸೆಪ್ಟೆಂಬರಿನಲ್ಲಿ ಪಾಲ್ಘರ್ ಬಳಿ ಸತ್ತದ್ದು ಬೆಲೆಬಾಳುವ ಕಾರಿನ ಹಿಂದಿನ ಸೀಟಿನಲ್ಲಿ, ಬೆಲ್ಟು ಹಾಕದೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯ ಪ್ರಕಾರ ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬೆಲ್ಟಾಗಲಿ ಮಕ್ಕಳ ಸೀಟಾಗಲಿ ಇಲ್ಲದಿದ್ದರೆ 1000 ರೂಪಾಯಿ ದಂಡ. ಮಕ್ಕಳ ಸೀಟಿನಿಂದ ಹಸುಳೆಗಳ ಸಾವು ಸುಮಾರು ಶೇಕಡಾ 70ರಷ್ಟು ಕಡಿಮೆಯಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಇದೆಲ್ಲವನ್ನೂ ನಾವು ಪತ್ರಿಕೆಗಳಲ್ಲಿ ಓದಿದ್ದೆವು, ಓದಿ ಮಡಚಿಟ್ಟಿದ್ದೆವು.

ಗೃಹಪ್ರವೇಶ ಮುಗಿದ ಮರುದಿನ ಅಮ್ಮ ತಾವಾಗಿಯೇ, ‘ನಾನು ರೈಲಿನಲ್ಲಿ ಹೋಗುತ್ತೇನೆ. ದೊಡ್ಡವಳು ನನ್ನ ಜೊತೆಗೆ ಬರಲಿ’ ಎಂದರು. ಬೇಸರದಿಂದ ಹೇಳುತ್ತಿದ್ದಾರೆಂದು ನಾವು ಬೇಡವೆಂದೆವು. ‘ಬೇಸರವಲ್ಲ. ಮೂವರ ಜಾಗದಲ್ಲಿ ನಾಲ್ವರು ಯಾಕೆ?’ ಎಂದರು. ಅದಕ್ಕೆ ಉತ್ತರವಿರಲಿಲ್ಲ. ಇಬ್ಬರನ್ನೂ ಸೇಲಂ ಜಂಕ್ಷನ್ನಿನಲ್ಲಿ ಗಾಡಿ ಹತ್ತಿಸಿ, ಪೇಟೆಯಲ್ಲಿ ಕಿರಿಯವನಿಗೊಂದು ಮಕ್ಕಳ ಸೀಟೂ ಮಗನಿಗೆ ಎತ್ತರಿಸುವ ಕುಶನ್ನೂ ಕೊಂಡೆವು. ಹಣ ಸ್ವಲ್ಪ ಹೆಚ್ಚೇ ಆಯಿತು. ಏಳು ವರ್ಷದವನಿಗೆ ಕುಶನ್ ಯಾಕೆಂದು ಕೇಳಬಹುದು. ದೊಡ್ಡವರ ಅಳತೆಯ ಬೆಲ್ಟು ಚಿಕ್ಕವರ ಕುತ್ತಿಗೆಗೆ ಬರುತ್ತದೆ, ಅವರು ಅದನ್ನು ಕಂಕುಳಡಿಗೆ ಸರಿಸಿಕೊಳ್ಳುತ್ತಾರೆ, ಹಾಗಾದರೆ ಬೆಲ್ಟು ಇದ್ದೂ ಇಲ್ಲದಂತೆ. ಕುಶನ್ ಮೇಲೆ ಕೂತರೆ ಪಟ್ಟಿ ಭುಜದ ಮೇಲೆಯೇ ನಿಲ್ಲುತ್ತದೆ.

ಹೊರಡುವ ಮುಂಚೆ ಅಂಬಿಗನಂತೆ ಜಾಗ ಗೊತ್ತು ಮಾಡಿದೆವು. ಕಿರಿಯವ ಎಡಕ್ಕೆ, ಮಗ ಬಲಕ್ಕೆ, ನಡುವೆ ಒಂದು ತಲೆದಿಂಬು. ಇಬ್ಬರಿಗೂ ಒಂದೊಂದು ಕಿಟಕಿ. ತಿಂಡಿ ಇಬ್ಬರಿಗೂ ಬೇರೆ ಬೇರೆ ಡಬ್ಬಿಯಲ್ಲಿ, ಅಳತೆ ಒಂದೇ. ಹಿಂದಿನ ಬಾಗಿಲುಗಳ ಅಂಚಿನಲ್ಲಿ ಒಳಗಿನಿಂದ ತೆರೆಯದಂತೆ ಮಾಡುವ ಚಿಕ್ಕ ಕೀಲಿಯೊಂದಿದೆ. ಅದನ್ನು ಆ ಕಾರು ಕೊಂಡ ಮೇಲೆ ಮೊದಲ ಬಾರಿಗೆ ಉಪಯೋಗಿಸಿದೆವು. ಜಗಳವಾದರೆ ನಾವು ತಿರುಗಿ ನೋಡುವುದೂ ಇಲ್ಲ, ಗದರಿಸುವುದೂ ಇಲ್ಲ, ಕಾರನ್ನು ರಸ್ತೆ ಬಿಟ್ಟು ಬದಿಯ ಕ್ಷೇಮವಾದ ಜಾಗದಲ್ಲಿ ನಿಲ್ಲಿಸುತ್ತೇವೆ, ತಂಟೆ ಮುಗಿದ ಮೇಲೆಯೇ ಮುಂದಕ್ಕೆ ಎಂದು ಹೇಳಿದೆವು. ಓಮಲೂರು ತಲುಪುವುದರೊಳಗೆ ಒಮ್ಮೆ ನಿಲ್ಲಿಸಬೇಕಾಯಿತು. ಒಂದು ಹೋಟೆಲಿನ ಅಂಗಳದಲ್ಲಿ ಆರು ನಿಮಿಷ ಸುಮ್ಮನೆ ಕೂತೆವು. ಮಕ್ಕಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ನಮಗೂ ಇಲ್ಲ.

ಆಮೇಲೆ ನಮ್ಮಾಕೆ ಒಂದು ಆಟ ಹೂಡಿದಳು. ಬಲಗಿಟಕಿಯವನು ಎದುರಿನಿಂದ ಬರುವ ಲಾರಿಗಳನ್ನು ಎಣಿಸಬೇಕು, ಎಡಗಿಟಕಿಯವನು ಮಾವಿನ ಹಣ್ಣಿನ ರಾಶಿಗಳನ್ನು. ಯಾರದು ಹೆಚ್ಚು ಎಂಬ ಪಂದ್ಯವಿಲ್ಲ. ಪಂದ್ಯವೆಂದರೆ ಪುನಃ ಹೊಡೆದಾಟವೇ. ಇಬ್ಬರ ಲೆಕ್ಕವೂ ಸೇರಿ ಕೃಷ್ಣಗಿರಿಗೆ ಮುಂಚೆ ಐನೂರಾಗಬೇಕು. ಲಾರಿಗಳ ಊರು ಅದು. ನಾಮಕ್ಕಲ್, ಶಂಕಗಿರಿಯ ಕಡೆಯವರು ಲಾರಿಯಲ್ಲೇ ಬದುಕು ಕಟ್ಟಿಕೊಂಡವರು. ಟಿ.ಎನ್. 28 ಎಂದರೆ ನಾಮಕ್ಕಲ್, 29 ಎಂದರೆ ಧರ್ಮಪುರಿ, 30 ಎಂದರೆ ಸೇಲಂ ಎಂದು ಮಗ ಒಂದೇ ಗಂಟೆಯಲ್ಲಿ ಬಾಯಿಪಾಠ ಮಾಡಿದ. ತೊಪ್ಪೂರನ್ನು ಹತ್ತುವಾಗ ಇಳಿಯುತ್ತಿದ್ದ ಲಾರಿಗಳನ್ನು ಅವನು ಎಣಿಸುತ್ತಿದ್ದ, ನಾವು ಎದುರಿನ ರಸ್ತೆಯನ್ನಲ್ಲದೆ ಬೇರೇನನ್ನೂ ನೋಡಲಿಲ್ಲ. ಧರ್ಮಪುರಿ ಬರುವಾಗ ಕಿರಿಯವ ನಿದ್ದೆಹೋಗಿದ್ದ. ಅವನ ಪಾಲಿನ ರಾಶಿಗಳನ್ನು ಅಣ್ಣನೇ ಕತ್ತು ಚಾಚಿ ಎಣಿಸಿದ.

ಮೈಸೂರಿನಲ್ಲಿ ತಂಗಿ ಮರುದಿನ ಸಂಜೆ ಊರು ಸೇರಿದೆವು. ರೈಲಿನಲ್ಲಿ ಬಂದವರು ನಮಗಿಂತ ಮುಂಚೆಯೇ ತಲುಪಿದ್ದರು. ಕಾರು ಅಂಗಳಕ್ಕೆ ಬಂದೊಡನೆ ಅಮ್ಮ ಜಗಲಿಯಿಂದ ಇಳಿದು ಬಂದು, ಹಿಂದಿನ ಬಾಗಿಲು ತೆಗೆದು, ಬೆಲ್ಟು ಹೇಗೆ ಬಿಚ್ಚುವುದೆಂದು ಮಗನಿಂದ ಕೇಳಿ ತಿಳಿದುಕೊಂಡರು. ಕಿರಿಯವನನ್ನು ಎತ್ತಿಕೊಂಡು ಮೊದಲು ಅವನ ಹಣೆಯನ್ನು ಸವರಿ ನೋಡಿದರು. ಊತ ಇಳಿದಿತ್ತು.