ಮೋಟಾರ್ ಸೈಕಲನ್ನು ತಗ್ಗಿಸುವ ವಿಚಾರ

ಕೋಟದಿಂದ ಕುಂದಾಪುರಕ್ಕೆ ಹೋಗುವ ೬೬ನೆಯ ಹೆದ್ದಾರಿಯಲ್ಲಿ ಮೋಟಾರ್ ಸೈಕಲ್ ನಡಿಸುವ ಹೆಣ್ಣುಮಕ್ಕಳು ಈಗ ಅಪೂರ್ವವಲ್ಲ. ಆದರೆ ನಮ್ಮಲ್ಲಿ ಅನೇಕರಿಗೆ ಎತ್ತರದ್ದೇ ತೊಡಕು. ೨೦೧೬ರಲ್ಲಿ ಹೊರಬಂದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಗಾಡಿಯ ಆಸನವು ನೆಲದಿಂದ ೮೦೦ ಮಿಲಿಮೀಟರು ಎತ್ತರದಲ್ಲಿತ್ತು; ಐದಡಿಯ ಹುಡುಗಿಗೆ ಕಾಲ್ಬೆರಳು ಮಾತ್ರ ನೆಲಕ್ಕೆ ತಾಗೀತು. ಇಂಥವರಿಗೆ ಗ್ಯಾರೇಜಿನವರು, “ಶಾಕ್ ಸ್ವಲ್ಪ ಇಳಿಸುವ, ಅಕ್ಕಾ” ಎಂದು ಸುಲಭವಾಗಿ ಹೇಳಿಬಿಡುತ್ತಾರೆ. ಅದರಿಂದಾಗುವುದೇನೆಂಬುದನ್ನು ಸಹೋದರಿಯರು ಮೊದಲೇ ತಿಳಿದಿರಬೇಕೆಂದು ನಾವು ಬಯಸುತ್ತೇವೆ.

ಮುಂಗಾಲಿಯನ್ನು ಹಿಡಿದಿರುವ ಫೋರ್ಕು ನೆಟ್ಟಗಿರದೆ ಹಿಂದಕ್ಕೆ ಒರಗಿರುವುದು. ಹ್ಯಾಂಡಲು ಯಾವ ರೇಖೆಯ ಸುತ್ತ ತಿರುಗುವುದೋ ಆ ರೇಖೆಯನ್ನು ನೆಲದವರೆಗೆ ಎಳೆದೆವೆಂದು ಭಾವಿಸಿದರೆ, ಅದು ಗಾಲಿಯು ನೆಲವನ್ನು ಮುಟ್ಟುವ ಸ್ಥಳಕ್ಕಿಂತ ಮುಂದೆ ಬೀಳುವುದು. ಓಡುವ ಗಾಲಿಯನ್ನು ನೇರವಾಗಿರಿಸುವುದರಲ್ಲಿ ಈ ಅಂತರದ ಪಾತ್ರ ದೊಡ್ಡದು. ಹಿಂಬದಿಯನ್ನು ಮಾತ್ರ ಇಳಿಸಿದರೆ ಫೋರ್ಕು ಇನ್ನಷ್ಟು ಒರಗಿ ಅಂತರವು ಹೆಚ್ಚುವುದು. ನೇರದಾರಿಯಲ್ಲಿ ಗಾಡಿಯು ಗಂಭೀರವಾಗಿ ಹೋದರೂ ಓಣಿಯ ತಿರುವಿನಲ್ಲಿ ಹಟಮಾಡುವುದು. ದೀಪದ ಬೆಳಕೂ ಮೇಲಕ್ಕೆದ್ದು ಎದುರಿನವರ ಕಣ್ಣು ಕುಕ್ಕುವುದು. ಮುಂಬದಿಯನ್ನು ಮಾತ್ರ ಇಳಿಸಿದರೆ ಅಂತರವು ಕುಗ್ಗಿ, ವೇಗದಲ್ಲಿ ಹ್ಯಾಂಡಲು ಚಂಚಲವಾಗುವುದು. ಇದೇ ಹೆಚ್ಚು ಅಪಾಯಕರವೆಂದು ನಮ್ಮ ಅಭಿಪ್ರಾಯ.

ಎರಡನ್ನೂ ಸಮನಾಗಿ ಇಳಿಸಿದರೆ ಕೋನವೇನೋ ಕೆಡದು. ಆದರೆ ಹಿಮಾಲಯನ್ ಗಾಡಿಯ ಹೊಟ್ಟೆಯ ಕೆಳಗಿದ್ದ ೨೨೦ ಮಿಲಿಮೀಟರಿನಲ್ಲಿ ೪೦ ಕಳೆದರೆ ೧೮೦ ಉಳಿಯುವುದು. ಆಗುಂಬೆ ಘಾಟಿಯ ತಿರುವಿನಲ್ಲಿ ಗಾಡಿಯನ್ನು ವಾಲಿಸಿದಾಗ ಕಾಲಿಡುವ ಕಡ್ಡಿಯು ಬೇಗನೆ ನೆಲಕ್ಕೆ ಉಜ್ಜುವುದು. ಗಿಡ್ಡ ಶಾಕ್ ಹಾಕಿಸಿದಲ್ಲಿ ಗಾಲಿಯು ಮೇಲೆ ಕೆಳಗೆ ಆಡುವ ಅವಕಾಶವೂ ಕಡಿಮೆಯಾಗಿ, ಆಷಾಢದ ಹೊಂಡಗಳ ಪೆಟ್ಟೆಲ್ಲ ಬೆನ್ನೆಲುಬಿಗೇ ಬರುವುದು.

ಪಕ್ಕದ ಸ್ಟ್ಯಾಂಡನ್ನು ಬಹಳ ಮಂದಿ ಮರೆಯುತ್ತಾರೆ. ಗಾಡಿಯು ತಗ್ಗಿದರೂ ಅದರ ಉದ್ದ ಮೊದಲಿನಷ್ಟೇ ಇರುವುದರಿಂದ ಗಾಡಿಯು ಬೇಕಾದಷ್ಟು ಒರಗದೆ ನೆಟ್ಟಗೆ ನಿಲ್ಲುವುದು. ನಮ್ಮ ಪರಿಚಯದ ಅಧ್ಯಾಪಿಕೆಯೊಬ್ಬರ ಗಾಡಿಯು ಹೀಗೆ ನಿಂತು, ಕಡಲಗಾಳಿಯ ಒಂದೇ ಬೀಸಿಗೆ ಆಚೆಯ ಮಗ್ಗುಲಿಗೆ ಬಿತ್ತು. ಪುಣ್ಯಕ್ಕೆ ಆ ಕಡೆ ಮಕ್ಕಳಿರಲಿಲ್ಲ.

ಆದುದರಿಂದ ಮೊದಲು ಆಸನದ ಒಳಗಿನ ಸ್ಪಂಜನ್ನು ಕೆತ್ತಿಸಿ ನೋಡಬೇಕು; ಇದರಿಂದ ಗಾಡಿಯ ನಡೆಯು ಕೆಡದು. ನಿಲ್ಲುವಾಗ ಸ್ವಲ್ಪ ಪಕ್ಕಕ್ಕೆ ಜಾರಿ ಒಂದೇ ಪಾದವನ್ನು ಪೂರ್ತಿಯಾಗಿ ಊರುವ ಅಭ್ಯಾಸವಾದರೆ ಎಷ್ಟೋ ಮಂದಿಗೆ ಅಷ್ಟೇ ಸಾಕಾಗುವುದು. ಅದೂ ಸಾಲದಿದ್ದರೆ ಮುಂದು ಹಿಂದುಗಳೆರಡನ್ನೂ ಸಮನಾಗಿ ಇಳಿಸಿ, ಸ್ಟ್ಯಾಂಡನ್ನು ಗಿಡ್ಡಮಾಡಿಸಿ, ಪೇಟೆಗೆ ಹೊರಡುವ ಮುನ್ನ ಖಾಲಿ ಮೈದಾನದಲ್ಲಿ ನಡಿಸಿ ನೋಡಬೇಕು.