ಸೂಕ್ಷ್ಮ ಮರಗೆಲಸ ಮುರಿಯದ ಹಾಗೆ ಉಜ್ಜೋದು ಹೇಗೆ?

ಅಕ್ಕನ ಗೃಹಪ್ರವೇಶಕ್ಕೆ ಅಂತ ಸ್ಕ್ರೋಲ್ ಸಾ ಮಷಿನ್‌ನಲ್ಲಿ ಒಂದು ಬಳ್ಳಿ ಕೊರೆದಿದ್ದೆ. ಹಿಂದಿನ ರಾತ್ರಿ ಕೈಯಲ್ಲಿ ಹಿಡಿದು ಸ್ಯಾಂಡ್ ಪೇಪರ್ ಹಾಕಿದ್ದೇ ತಡ, ಪಟ್ ಅಂತ ಮುರೀತು.

ಯಾಕೆ? ಮರ ಎಳೆಯ ಉದ್ದಕ್ಕೆ ಗಟ್ಟಿ. ಎಳೆಗೆ ಅಡ್ಡವಾಗಿ ಕೊರೆದ ತೆಳು ಕಡ್ಡಿ ಸ್ವಲ್ಪ ಒತ್ತಿದರೂ ಸೀಳುತ್ತೆ. ಅದಕ್ಕೇ ಹಲಗೆಯನ್ನು ಕೊರೆಯೋ ಮುಂಚೆನೇ 120, ಆಮೇಲೆ 220 ಗ್ರಿಟ್‌ನಲ್ಲಿ ನಯ ಮಾಡಿ. ಆಗ ಕೊನೆಗೆ ಉಳಿಯೋದು ಹಿಂಬದಿಯ ಸಿಬಿರು ಮಾತ್ರ. ಸಮತಟ್ಟಾದ ಮೇಜಿನ ಮೇಲೆ ಮಲಗಿಸಿ, 220 ಪೇಪರನ್ನು ಎಳೆಯ ದಿಕ್ಕಲ್ಲೇ ಹಗುರವಾಗಿ ಆಡಿಸಿ. ಸಣ್ಣ ಕಿಂಡಿಗಳಿಗೆ ಉಗುರು ಉಜ್ಜೋ ಫೈಲ್ ಸಾಕು. ಸಿಕ್ಕಿಕೊಂಡರೆ ಜಗ್ಗಬೇಡಿ.

ಎರಡನೇ ಬಳ್ಳಿ ಹೀಗೇ ಮಾಡಿದೆ. ಗೃಹಪ್ರವೇಶ ಮುಗಿದು ವಾರ ಆಗಿತ್ತು. ಆದ್ರೂ ಅಕ್ಕ ಬಾಗಿಲಿಗೇ ಹಾಕಿದ್ಲು.